ಫ್ಲೈಟ್ ಸಿಮ್‌ಗೆ ಯಾವ ಏರ್‌ಲೈನರ್ ತಗೋಬೇಕು? ತಪ್ಪು ಮಾಡಿದಾಗ ಏನಾಗುತ್ತದೆ ನೋಡಿ

ಏಪ್ರಿಲ್ ತಿಂಗಳ ಒಂದು ಸಂಜೆ ನಮ್ಮ ಓಣಿಯ ಹುಡುಗನೊಬ್ಬ ಅಂಗಡಿಗೆ ಬಂದ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹುಡುಗ ಎಂಜಿನಿಯರಿಂಗ್ ಎರಡನೇ ವರ್ಷ. ಸೋದರಮಾವ ಹಬ್ಬಕ್ಕೆ ಕೊಟ್ಟ ದುಡ್ಡನ್ನು ಖರ್ಚು ಮಾಡದೆ ಇಟ್ಟುಕೊಂಡಿದ್ದ. ಫ್ಲೈಟ್ ಸಿಮ್ಯುಲೇಟರ್‌ಗೆ, ಅಂದರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ‘ಸಿಮ್’ಗೆ ಕೊಳ್ಳಲು ಸಿಗುವ ಐದು ವಿಮಾನಗಳ ಫೋಟೊವನ್ನು ಮೊಬೈಲ್‌ನಲ್ಲಿ ತೋರಿಸಿದ. “ಅಣ್ಣಾ, ಇದ್ರಾಗ ಯಾವ್ದರ ಕಾಕ್‌ಪಿಟ್ ಛಲೋ ಅದ ಹೇಳ್ರಿ. ಒಂದೇ ತಗೊಳ್ಳಕ್ಕ ಆಗ್ತದ.”

ಐದೂ ಫೋಟೊ ನೋಡಿದೆ. ಐದೂ ಚಂದ ಇದ್ದವು. ಈಗ ಬರುವ ಆಡ್-ಆನ್‌ಗಳಲ್ಲಿ, ಅಂದರೆ ಸಿಮ್‌ಗೆ ಬೇರೆಯಾಗಿ ಸೇರಿಸಿಕೊಳ್ಳುವ ವಿಮಾನಗಳಲ್ಲಿ, ಕಾಕ್‌ಪಿಟ್ ಕೆಟ್ಟದಾಗಿ ಕಾಣುವಂಥದ್ದು ಹುಡುಕಿದರೂ ಸಿಗೋದು ಕಷ್ಟ. ಸೀಟಿನ ಹೊಲಿಗೆ ಕಾಣುತ್ತದೆ, ಸ್ಕ್ರೂ ಕಾಣುತ್ತದೆ, ಗಾಜಿನ ಮೇಲೆ ಬೆರಳಿನ ಗುರುತೂ ಕಾಣುತ್ತದೆ. ಆದರೆ ಸ್ವಿಚ್ಚಿನ ಹಿಂದೆ ಏನಿದೆ ಅನ್ನೋದು ಫೋಟೊದಲ್ಲಿ ಬರೋದಿಲ್ಲ. ನಾನು ಅವನನ್ನು ಕೂರಿಸಿಕೊಂಡು ಎರಡು ಗಂಟೆ ಮಾತಾಡಿದೆ. ಅವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಕಡೆ ಸಿಮ್ ಹಾರಿಸುವ ಹುಡುಗರು ಈಗ ಜಾಸ್ತಿ ಆಗಿದ್ದಾರೆ, ಎಲ್ಲರದ್ದೂ ಇದೇ ಪ್ರಶ್ನೆ.

ನನ್ನ ಅಳತೆಗೋಲು ಒಂದೇ. ಸರಿಯಾಗಿ ಹಾರಿಸಿದಾಗ ಎಲ್ಲ ಆಡ್-ಆನ್‌ಗಳೂ ಸರಿಯಾಗೇ ಹಾರುತ್ತವೆ. ನಾವು ತಪ್ಪು ಮಾಡಿದಾಗ ವಿಮಾನ ಏನು ಮಾಡುತ್ತದೆ ಅನ್ನೋದರಲ್ಲಿ ನಿಜವಾದ ಕೆಲಸ ಯಾರು ಮಾಡಿದ್ದಾರೆ ಅಂತ ಗೊತ್ತಾಗುತ್ತದೆ.

ಒಂದು ಎಂಜಿನ್ ಶುರು ಮಾಡಿ ನೋಡೋಣ

ಬೋಯಿಂಗ್ 737-800 ತಗೊಳ್ಳಿ. ಬಾಲದ ತುದಿಯಲ್ಲಿ ಎಪಿಯು ಅನ್ನುವ ಸಣ್ಣ ಎಂಜಿನ್ ಇದೆ. ಅದು ಕೊಡುವ ಒತ್ತಡದ ಗಾಳಿಯೇ ರೆಕ್ಕೆಯ ಕೆಳಗಿನ ದೊಡ್ಡ ಎಂಜಿನ್ನನ್ನು ತಿರುಗಿಸಬೇಕು. ಆದರೆ ಒಳಗಿನ ಎಸಿ ಪ್ಯಾಕ್‌ಗಳೂ ಅದೇ ಗಾಳಿ ತಿನ್ನುತ್ತವೆ. ಅದಕ್ಕೇ ಮೊದಲು ತಲೆಯ ಮೇಲಿನ ಪ್ಯಾನೆಲ್‌ನಲ್ಲಿ ಎರಡೂ ಪ್ಯಾಕ್ ಆಫ್ ಮಾಡುತ್ತಾರೆ. ಆಮೇಲೆ ಸ್ಟಾರ್ಟ್ ಸ್ವಿಚ್ಚನ್ನು ಜಿಆರ್‌ಡಿ (ಗ್ರೌಂಡ್) ಕಡೆ ತಿರುಗಿಸಿದರೆ ಎನ್2, ಅಂದರೆ ಎಂಜಿನ್ನಿನ ಒಳಭಾಗ ತಿರುಗುವ ವೇಗದ ಅಂಕಿ, ಮೆಲ್ಲಗೆ ಏರತೊಡಗುತ್ತದೆ. ಅದು 25 ಪರ್ಸೆಂಟ್ ಮುಟ್ಟಿದ ಮೇಲೆ ಕೆಳಗಿನ ಸ್ಟಾರ್ಟ್ ಲಿವರ್ ಎತ್ತಿ ಐಡಲ್‌ಗೆ ಇಡಬೇಕು. ಇಂಧನ ಹರಿಯುತ್ತದೆ, ಹೊತ್ತಿಕೊಳ್ಳುತ್ತದೆ, ಇಜಿಟಿ, ಅಂದರೆ ಎಂಜಿನ್ನಿನಿಂದ ಹೊರಬರುವ ಗಾಳಿಯ ಬಿಸಿ, ಸರ್ರನೆ ಮೇಲೇರುತ್ತದೆ. ಶುರು ಮಾಡುವಾಗ ಅದು 725 ಡಿಗ್ರಿ ದಾಟಬಾರದು. ಎನ್2 ಸುಮಾರು 56 ಪರ್ಸೆಂಟ್ ಆದಾಗ ಸ್ಟಾರ್ಟ್ ಸ್ವಿಚ್ ತಾನಾಗೇ ಟಕ್ ಅಂತ ವಾಪಸ್ ಬರುತ್ತದೆ.

ಈಗ ಬೇಕಂತಲೇ ತಪ್ಪು ಮಾಡಿ. ಪ್ಯಾಕ್‌ಗಳನ್ನು ಆನ್ ಬಿಟ್ಟೇ ಶುರು ಮಾಡಿ. ಗಾಳಿ ಪೈಪಿನ ಒತ್ತಡ ತೋರಿಸುವ ಡಕ್ಟ್ ಪ್ರೆಶರ್ ಮುಳ್ಳು ಕೆಳಗಿಳಿಯಿತಾ? ಎನ್2 ತಿಣುಕಾಡಿತಾ? ಇಲ್ಲಾ ಏನೂ ಆಗದಂತೆ ಎಂಜಿನ್ ಶುರುವಾಯಿತಾ? ಶುರುವಾಗಿಬಿಟ್ಟರೆ ಆ ಕಾಕ್‌ಪಿಟ್‌ನಲ್ಲಿ ಇರುವುದು ಸ್ವಿಚ್ಚಿನ ಚಿತ್ರ ಅಷ್ಟೇ. ಒತ್ತಿದರೆ ಅಲುಗಾಡುತ್ತದೆ, ಹಿಂದೆ ಯಾವ ಪೈಪೂ ಇಲ್ಲ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ನಿಂತ ವಿಮಾನದಲ್ಲಿ ಎಲ್ಲ ಆಫ್ ಮಾಡಿ ಬ್ಯಾಟರಿ ಮಾತ್ರ ಆನ್ ಮಾಡಿ. ಅಷ್ಟಕ್ಕೇ ಎಲ್ಲ ಪರದೆಗಳೂ ಝಗ್ಗನೆ ಬೆಳಗಿದರೆ ಅನುಮಾನ ಪಡಿ. ನಿಜವಾದ ಏರ್‌ಬಸ್ ಎ320ರಲ್ಲಿ ನೆಲದ ಮೇಲೆ ಬರೀ ಬ್ಯಾಟರಿಯಿಂದ ದೊಡ್ಡ ಪರದೆಗಳು ಹತ್ತೋದಿಲ್ಲ. ಹೊರಗಿನ ಕರೆಂಟ್ ಬರಬೇಕು, ಇಲ್ಲಾ ಎಪಿಯು ಓಡಬೇಕು.

“ಕೊಳ್ಳೋ ಮುಂಚೆ ಇದನ್ನೆಲ್ಲ ಹೆಂಗ ನೋಡ್ಲಿ?” ಅಂತ ಹುಡುಗ ಕೇಳಿದ. ಕೇಳಬೇಕಾದ ಮಾತೇ ಅದು. ವಿಡಿಯೋ ನೋಡುವಾಗ ಸೂರ್ಯಾಸ್ತದಲ್ಲಿ ಇಳಿಯುವ ವಿಡಿಯೋ ಬಿಡಿ. ಎಂಜಿನ್ ಕೆಟ್ಟಾಗ, ಹೈಡ್ರಾಲಿಕ್ ಹೋದಾಗ, ಸರ್ಕ್ಯೂಟ್ ಬ್ರೇಕರ್ ಎಳೆದಾಗ ಏನಾಯಿತು ಅಂತ ತೋರಿಸುವ ವಿಡಿಯೋ ಹುಡುಕಿ. ಜೊತೆಗೆ ಉಚಿತ ಮಾದರಿಗಳಲ್ಲಿ ಒಂದು ತಿಂಗಳು ಕಳೆಯಿರಿ. ಆ ತಿಂಗಳಲ್ಲಿ ನಿಮಗೇ ಯಾವುದು ಬೇಕು, ಯಾವುದು ಬೇಡ ಅಂತ ತಿಳಿಯುತ್ತದೆ.

ಮೊದಲು ಸಿಮ್ ಯಾವುದು

ಇದನ್ನು ಬೇಗ ಮುಗಿಸುತ್ತೇನೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020, ಅದರ ಮುಂದಿನದು 2024, ಮತ್ತು ಲ್ಯಾಮಿನಾರ್ ರಿಸರ್ಚ್‌ನವರ ಎಕ್ಸ್-ಪ್ಲೇನ್ 12. ಮೊದಲೆರಡರಲ್ಲಿ ಹೊರಗಿನ ನೆಲ ನೆಟ್ ಮೂಲಕ ಹರಿದು ಬರುತ್ತದೆ, ನೋಡಲು ಅದೇ ಚಂದ. ಎಕ್ಸ್-ಪ್ಲೇನ್‌ಗೆ ನೆಟ್ಟಿನ ಹಂಗು ಕಡಿಮೆ, ಉಚಿತ ಡೆಮೊ ಕೂಡ ಇದೆ. ಮೈಕ್ರೋಸಾಫ್ಟ್ ಸಿಮ್‌ಗೆ ಮಾಡಿದ ವಿಮಾನ ಎಕ್ಸ್-ಪ್ಲೇನ್‌ನಲ್ಲಿ ಓಡೋದಿಲ್ಲ, ಅದರದ್ದು ಇದರಲ್ಲಿ ಓಡೋದಿಲ್ಲ. 2020ಕ್ಕೆ ಕೊಂಡದ್ದು 2024ರಲ್ಲೂ ಬರುತ್ತದಾ, ಮತ್ತೆ ದುಡ್ಡು ಕೊಡಬೇಕಾ ಅನ್ನೋದನ್ನು ಆಯಾ ತಯಾರಕರ ಪುಟದಲ್ಲೇ ಓದಿ. ಕೊಂಡ ಮೇಲೆ ಓದಿದರೆ ಉಪಯೋಗ ಇಲ್ಲ.

ಎ320: ಮೂರು ದಾರಿ

ಹೆಚ್ಚಿನವರು ಬರುವುದು ಇಲ್ಲಿಗೇ. ಹೈದರಾಬಾದ್‌ನಲ್ಲೋ ಬೆಂಗಳೂರಿನಲ್ಲೋ ನಾವು ಹತ್ತುವ ವಿಮಾನ ಬಹುತೇಕ ಇದೇ ಅಲ್ವಾ.

ಆಡ್-ಆನ್ ಮಾಡುವ ಫೀನಿಕ್ಸ್‌ನವರ ಎ320 ಮೈಕ್ರೋಸಾಫ್ಟ್ ಸಿಮ್‌ಗೆ ಬಂದದ್ದು 2022ರ ಮೇನಲ್ಲಿ. ಬಂದಾಗ ಬೆಲೆ ಸುಮಾರು 50 ಪೌಂಡ್, ಈಗಿನ ಲೆಕ್ಕದಲ್ಲಿ ಐದು ಸಾವಿರ ರೂಪಾಯಿಯ ಮೇಲೆ. ಇದರ ಒಳಗಿನ ವ್ಯವಸ್ಥೆಗಳ ಲೆಕ್ಕಾಚಾರ ಪ್ರೋಸಿಮ್‌ನಿಂದ ಬಂದದ್ದು. ಮನೆಯಲ್ಲಿ, ತರಬೇತಿ ಕೇಂದ್ರಗಳಲ್ಲಿ ನಿಜ ಗಾತ್ರದ ಕಾಕ್‌ಪಿಟ್ ಕಟ್ಟಿಕೊಳ್ಳುವವರು ಬಳಸುವ ಸಾಫ್ಟ್‌ವೇರ್ ಅದು. ಹಾಗಾಗಿ ಇದರ ಆಳ ಬೇರೆ. ತಲೆಯ ಹಿಂದಿನ ಗೋಡೆಯ ಸರ್ಕ್ಯೂಟ್ ಬ್ರೇಕರ್‌ಗಳನ್ನೂ ಎಳೆಯಬಹುದು. ಒಂದು ಬ್ರೇಕರ್ ಎಳೆದರೆ ಅದಕ್ಕೆ ಸೇರಿದ ವಸ್ತು ಸಾಯುತ್ತದೆ, ತೊಂದರೆಗಳನ್ನು ತಿಳಿಸುವ ಇಕ್ಯಾಮ್ ಪರದೆಯಲ್ಲಿ ಅದರ ಸುದ್ದಿ ಬರುತ್ತದೆ.

ವೇಗ, ಎತ್ತರ ಲೆಕ್ಕ ಹಾಕುವ ಎಡಿಆರ್‌ಗಳಲ್ಲಿ ಎರಡನ್ನು ಹಾರುವಾಗ ಆಫ್ ಮಾಡಿ ನೋಡಿ. ಪೈಲಟ್ ಮಿತಿ ಮೀರದಂತೆ ಕಂಪ್ಯೂಟರ್ ಕಾಯುವ ನಾರ್ಮಲ್ ಲಾ ಬಿಟ್ಟು, ಆ ಕಾವಲು ಕಡಿಮೆ ಇರುವ ಆಲ್ಟರ್ನೇಟ್ ಲಾಗೆ ವಿಮಾನ ಇಳಿಯಬೇಕು. ಮುಂದಿನ ಪರದೆಯಲ್ಲಿ ವಾಲುವ ಮಿತಿ ತೋರಿಸುವ ಪುಟ್ಟ ಹಸಿರು ಗೆರೆಗಳು ಹೋಗಿ ಅಲ್ಲೇ ಕಿತ್ತಳೆ ಬಣ್ಣದ ಗುಣಾಕಾರದ ಗುರುತು ಬರಬೇಕು. ಇಷ್ಟು ಸಣ್ಣ ಗುರುತು. ಆದರೆ ಆ ಕ್ಷಣದಿಂದ ವಿಮಾನ ನಿಮ್ಮನ್ನು ಮೊದಲಿನಂತೆ ಕಾಯೋದಿಲ್ಲ, ನೀವೇ ಅದನ್ನು ಕಾಯಬೇಕು. ಈ ಒಂದು ಗುರುತಿಗಾಗಿ ದುಡ್ಡು ಕೊಡಬಹುದು ಅಂತ ನನಗೆ ಅನಿಸುತ್ತದೆ.

ಫೀನಿಕ್ಸ್‌ನಲ್ಲಿ ಹಳೆಯ ಎಂಜಿನ್‌ಗಳ ಎ320 ಇದೆ, ಅಂದರೆ ಸಿಎಫ್ಎಂ56 ಮತ್ತು ಐಎಇ ವಿ2500. 2024ರಲ್ಲಿ ಎ319, ಎ321 ಕೂಡ ಸೇರಿದವು. ಇಂಡಿಗೋದವರ ಮೊದಲಿನ ಎ320ಗಳು ವಿ2500 ಎಂಜಿನ್‌ನವು. ಹತ್ತು ಹದಿನೈದು ವರ್ಷದ ಹಿಂದೆ ಹಾರಿದವರಿಗೆ ಆ ಸದ್ದು ಕಿವಿಯಲ್ಲಿ ಇದ್ದೇ ಇರುತ್ತದೆ.

ಎರಡನೇ ದಾರಿ ಫ್ಲೈಬೈವೈರ್ ತಂಡದ್ದು, ಇದೂ ಮೈಕ್ರೋಸಾಫ್ಟ್ ಸಿಮ್‌ಗೇ. ಇದು ಪೂರ್ತಿ ಉಚಿತ. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ, ಜಗತ್ತಿನ ಬೇರೆ ಬೇರೆ ಕಡೆಯ ಜನ ಬಿಡುವಿನಲ್ಲಿ ಕೂತು ಕಟ್ಟಿದ್ದು. ಮಾದರಿ ಎ320ನಿಯೋ, ಅಂದರೆ ಹೊಸ ಲೀಪ್ ಎಂಜಿನ್ ಇರುವ ಎ320. ಉಚಿತ ಅಂದ ಕೂಡಲೇ ಕಳಪೆ ಅಂದುಕೊಳ್ಳಬೇಡಿ. ಹಾರಾಟದ ಕಂಪ್ಯೂಟರ್, ಆಟೋಪೈಲಟ್, ಮಾರ್ಗದ ಲೆಕ್ಕ ಎಲ್ಲವನ್ನೂ ಬಹಳ ಶ್ರದ್ಧೆಯಿಂದ ಮಾಡಿದ್ದಾರೆ. ಕಾಕ್‌ಪಿಟ್‌ನಲ್ಲೇ ಒಂದು ಟ್ಯಾಬ್ಲೆಟ್ ಇದೆ, ಅದರಲ್ಲಿ ವೈಫಲ್ಯಗಳನ್ನೂ ಆರಿಸಿಕೊಳ್ಳಬಹುದು. ಫೀನಿಕ್ಸ್‌ನ ಪಕ್ಕದಲ್ಲಿಟ್ಟರೆ ಕಣ್ಣಿಗೆ ಸ್ವಲ್ಪ ಸಪ್ಪೆ. ಆದರೆ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳೋದು ಇದನ್ನೇ. ಇವತ್ತು ನಮ್ಮ ಆಕಾಶದಲ್ಲಿ ಜಾಸ್ತಿ ಹಾರುತ್ತಿರುವುದೂ ನಿಯೋ ವಿಮಾನಗಳೇ.

ಮೂರನೆಯದು ಇನಿಬಿಲ್ಡ್ಸ್‌ನವರು ಮೈಕ್ರೋಸಾಫ್ಟ್‌ಗಾಗಿ ಮಾಡಿಕೊಟ್ಟ ಎ320ನಿಯೋ. ಸಿಮ್ ಜೊತೆಗೇ ಸಿಗುತ್ತದೆ. ನೋಡಲು ಚಂದ, ಕಂಪ್ಯೂಟರ್‌ಗೆ ಹಗುರ. ವಾರಕ್ಕೆ ಒಂದು ಸಲ, ಊಟ ಆದ ಮೇಲೆ ಒಂದು ಗಂಟೆ ಹಾರಿಸುವವರಿಗೆ ಇದು ಸಾಕು. ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ.

ಎ320ರಲ್ಲಿ ಯಾವುದೇ ತಗೊಂಡರೂ ಒಂದು ಸದ್ದು ಕೇಳಿ ನೋಡಿ. ಮೊದಲ ಎಂಜಿನ್ ಶುರುವಾಗಿ, ಎರಡನೆಯದರ ಮಾಸ್ಟರ್ ಸ್ವಿಚ್ ಹಾಕಿದಾಗ ಪಿಟಿಯು ಅನ್ನುವ ಭಾಗ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತದೆ. ಹಸಿರು ಮತ್ತು ಹಳದಿ ಹೈಡ್ರಾಲಿಕ್ ವ್ಯವಸ್ಥೆಗಳ ನಡುವೆ ಒತ್ತಡ ದಾಟಿಸುವ ಪಂಪ್ ಅದು. ಸದ್ದು ಥೇಟ್ ನಾಯಿ ಬೊಗಳಿದ ಹಾಗೆ. ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕೂತವರು, “ಕೆಳಗೆ ಏನೋ ಗರಗಸ ಆಡ್ತಿದೆ” ಅಂದುಕೊಂಡಿರುತ್ತಾರಲ್ಲ, ಅದೇ. ಒಳ್ಳೆಯ ಮಾದರಿಯಲ್ಲಿ ಈ ಸದ್ದು ಸರಿಯಾದ ಹೊತ್ತಿಗೆ ಬರುತ್ತದೆ. ಸುಮ್ನೆ ರೆಕಾರ್ಡ್ ಹಾಕಿದ ಮಾದರಿಯಲ್ಲಿ ಯಾವಾಗ ಬೇಕಾದರೂ ಬರುತ್ತದೆ.

ಎಕ್ಸ್-ಪ್ಲೇನ್ ಇರುವವರು ಟೋಲಿಸ್ ಕಂಪನಿಯವರ ಏರ್‌ಬಸ್‌ಗಳನ್ನು ನೋಡಿ. ಎ319, ಎ321, ಎ320ನಿಯೋ, ದೊಡ್ಡ ಎ340-600 ಎಲ್ಲ ಇವೆ. ನಮ್ಮ ಊರಿಗೆ ಇದರಲ್ಲಿ ಒಂದು ವಿಶೇಷ ಗುಣ ಇದೆ, ಅದಕ್ಕೆ ಕರೆಂಟಿನ ಮಾತು ಬಂದಾಗ ವಾಪಸ್ ಬರುತ್ತೇನೆ.

737: ಕೈಗೆ ಕೆಲಸ ಬೇಕಾದವರಿಗೆ

ಏರ್‌ಬಸ್‌ನಲ್ಲಿ ಎಂಜಿನ್ ಶುರು ಮಾಡೋದು ಅಂದರೆ ಗುಂಡಿ ತಿರುಗಿಸಿ ಸ್ವಿಚ್ ಹಾಕಿ ಕಾಯೋದು. ಪ್ಯಾಕ್ ತಾನೇ ಮುಚ್ಚಿಕೊಳ್ಳುತ್ತದೆ, ಇಂಧನ ತಾನೇ ಬರುತ್ತದೆ, ಎಡವಟ್ಟಾದರೆ ಕಂಪ್ಯೂಟರೇ ನಿಲ್ಲಿಸುತ್ತದೆ. 737ರಲ್ಲಿ ಆ ಕೆಲಸ ಎಲ್ಲ ನಿಮ್ಮದು. ಇದು ಹಳೆಯ ವಿನ್ಯಾಸದ ಮೇಲೆ ಬೆಳೆದ ವಿಮಾನ. ಮೊದಲ 737 ಹಾರಿದ್ದು 1967ರಲ್ಲಿ. ತಲೆಯ ಮೇಲಿನ ಪ್ಯಾನೆಲ್‌ನ ಜೋಡಣೆಯಲ್ಲಿ ಆ ಕಾಲ ಇನ್ನೂ ಉಳಿದಿದೆ. ನನಗೆ ಅದೇ ಇಷ್ಟ.

ಪಿಎಂಡಿಜಿಯವರ 737-700 ಮೈಕ್ರೋಸಾಫ್ಟ್ ಸಿಮ್‌ಗೆ ಬಂದದ್ದೂ 2022ರ ಮೇನಲ್ಲೇ. ಆಮೇಲೆ 737-800 ಬಂತು, ಬಂದಾಗ ಬೆಲೆ ಸುಮಾರು 75 ಡಾಲರ್, ಈಗಿನ ಲೆಕ್ಕದಲ್ಲಿ ಆರು ಸಾವಿರ ರೂಪಾಯಿ ದಾಟುತ್ತದೆ. ಮೇಲೆ ಹೇಳಿದ ಎಂಜಿನ್ ಪರೀಕ್ಷೆಯನ್ನು ಇದರಲ್ಲಿ ಮಾಡಿ ನೋಡುವ ಖುಷಿಯೇ ಬೇರೆ. ವಿಮಾನದ ಮೂತಿಯ ಏರಿಳಿತ ಹೊಂದಿಸುವ ಟ್ರಿಮ್ ಚಕ್ರ ಪಕ್ಕದಲ್ಲಿ ಗರಗರ ತಿರುಗುತ್ತದೆ. ವಿಮಾನ ಎಲ್ಲಿದೆ ಅಂತ ಲೆಕ್ಕ ಇಡುವ ಐಆರ್‌ಎಸ್ ಹೊಂದಿಕೊಳ್ಳಲು ನಿಮಿಷಗಟ್ಟಲೆ ಕಾಯಬೇಕು, ಬೇಡ ಅಂದರೆ ಸೆಟ್ಟಿಂಗ್‌ನಲ್ಲಿ ಆ ಸಮಯ ಕಡಿಮೆ ಮಾಡಿಕೊಳ್ಳಬಹುದು. ಕಡಿಮೆ ಮಾಡಿಕೊಳ್ಳಬೇಡಿ ಅಂತ ನನ್ನ ಸಲಹೆ. ಆ ನಿಮಿಷಗಳಲ್ಲೇ ಉಳಿದ ಪ್ಯಾನೆಲ್ ನೋಡಲು ಪುರುಸೊತ್ತು ಸಿಗೋದು. ನಿಜವಾದ ಪೈಲಟ್ ಮಾಡೋದೂ ಅದನ್ನೇ.

ಎಕ್ಸ್-ಪ್ಲೇನ್‌ನಲ್ಲಿ ಇದಕ್ಕೆ ಎದುರಾಗಿ ನಿಲ್ಲುವುದು ಜಿಬೋ 737-800. ಸಿಮ್ ಜೊತೆ ಬರುವ ಮಾಮೂಲಿ 737 ಅನ್ನು ತಗೊಂಡು ವರ್ಷಗಟ್ಟಲೆ ತಿದ್ದಿ ತೀಡಿ ಬೆಳೆಸಿದ್ದು, ಪೂರ್ತಿ ಉಚಿತ. ನೋಟದಲ್ಲಿ ಪಿಎಂಡಿಜಿ ಮುಂದು. ಆದರೆ ಖರ್ಚಿನ ಲೆಕ್ಕ ಹಾಕುವ ಮನೆಗೆ ಜಿಬೋಗಿಂತ ಒಳ್ಳೆಯದು ನಾನು ನೋಡಿಲ್ಲ. ಆಕಾಶ ಏರ್ ಹಾರಿಸುವಂಥ ಮ್ಯಾಕ್ಸ್ 8 ಬೇಕಾದವರಿಗೆ ಐಫ್ಲೈಯವರದ್ದು 2024ರಲ್ಲಿ ಬಂದಿದೆ.

ನಮ್ಮ ಆಕಾಶದ ವಿಮಾನ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಲಬುರಗಿ ವಿಮಾನ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ಬೀದರಿನಲ್ಲಿ ವಾಯುಪಡೆಯ ನೆಲೆಯ ಪಕ್ಕದ ಟರ್ಮಿನಲ್‌ನಿಂದ 2020ರ ಫೆಬ್ರವರಿಯಲ್ಲಿ ಪ್ರಯಾಣಿಕರ ವಿಮಾನ ಹಾರಿತು. ಎರಡೂ ಕಡೆ ಸೇರಿ ಆ ಮೊದಲ ದಿನಗಳಲ್ಲಿ ನಾವು ನೋಡಿದ್ದು ಪ್ರೊಪೆಲರ್ ಇರುವ ಎಟಿಆರ್ ಮತ್ತು ಸ್ಟಾರ್ ಏರ್‌ನ ಎಂಬ್ರೇಯರ್ 145. ಏರ್‌ಬಸ್ಸೂ ಅಲ್ಲ, ಬೋಯಿಂಗೂ ಅಲ್ಲ. ಹಾಗಿದ್ದ ಮೇಲೆ ಕಲಬುರಗಿಯಿಂದ ಸಿಮ್ ಹಾರಿಸುವವರು ಅದನ್ನೇ ಯಾಕೆ ಹಾರಿಸಬಾರದು?

ಕಲಬುರಗಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 250 ನಾಟಿಕಲ್ ಮೈಲಿ. ಈ ದೂರಕ್ಕೆ ದೊಡ್ಡ ಬೋಯಿಂಗ್ 777 ಎಬ್ಬಿಸಿದರೆ ಮೇಲೇರಿ ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಇಳಿಯುವ ತಯಾರಿ ಶುರುವಾಗುತ್ತದೆ. ಎಟಿಆರ್‌ಗೆ ಇದು ಹೇಳಿ ಮಾಡಿಸಿದ ದಾರಿ. ಒಂದು ಗಂಟೆಯ ಮೇಲೆ ಸ್ವಲ್ಪ. ಅಷ್ಟು ಎತ್ತರಕ್ಕೂ ಹೋಗೋದಿಲ್ಲ, ಕೆಳಗೆ ಭೀಮಾ, ಕೃಷ್ಣಾ, ತುಂಗಭದ್ರಾ ಒಂದಾದ ಮೇಲೊಂದು ಕಾಣುತ್ತವೆ.

ಮೈಕ್ರೋಸಾಫ್ಟ್ ಸಿಮ್‌ಗೆ ಎಟಿಆರ್ 42-600 ಮತ್ತು 72-600 ಜೋಡಿ 2023ರ ಏಪ್ರಿಲ್‌ನಲ್ಲಿ ಬಂತು. ಬಂದಾಗ ಬೆಲೆ ಸುಮಾರು 20 ಡಾಲರ್. ದುಡ್ಡಿಗೆ ಹೋಲಿಸಿದರೆ ಇಷ್ಟು ಕೊಡುವ ವಿಮಾನ ಕಡಿಮೆ. ಕಾಕ್‌ಪಿಟ್‌ನಲ್ಲಿ ಐದು ದೊಡ್ಡ ಪರದೆ. ಆದರೆ ಆಟೋಥ್ರಾಟಲ್ ಇಲ್ಲ. ವೇಗ ನೋಡಿಕೊಂಡು ಪವರ್ ಲಿವರ್ ನೀವೇ ಹಿಂದೆ ಮುಂದೆ ಮಾಡಬೇಕು. ಏರಿ ಮುಗಿದು ಸಮವಾಗಿ ಹಾರುವ ಹೊತ್ತಿಗೆ ಪವರ್ ಮ್ಯಾನೇಜ್‌ಮೆಂಟ್ ಗುಂಡಿಯನ್ನು ಕ್ಲೈಂಬ್‌ನಿಂದ ಕ್ರೂಸ್‌ಗೆ ತಿರುಗಿಸಬೇಕು. ಇಳಿಯುವಾಗ ಕೈಕಾಲು ಎರಡಕ್ಕೂ ಕೆಲಸ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಹೋಟೆಲ್ ಮೋಡ್. ಎಟಿಆರ್‌ಗೆ ಎಪಿಯು ಇಲ್ಲ. ಹಾಗಾದರೆ ನಿಂತಾಗ ಕರೆಂಟು, ತಂಪು ಗಾಳಿ ಎಲ್ಲಿಂದ? ಬಲಗಡೆ ಎಂಜಿನ್ ಓಡುತ್ತಿರುತ್ತದೆ, ಆದರೆ ಅದರ ಪ್ರೊಪೆಲರ್‌ಗೆ ಬ್ರೇಕ್ ಹಾಕಿರುತ್ತಾರೆ. ಬೆಂಗಳೂರಿಗೆ ಎಟಿಆರ್ ಹೋಗುತ್ತಿದ್ದ ದಿನಗಳಲ್ಲಿ ನಾನೊಮ್ಮೆ ಹತ್ತಲು ಹೋದಾಗ ಎಂಜಿನ್ ಸದ್ದು ಜೋರಾಗಿತ್ತು. ಕಿಟಕಿಯಿಂದ ನೋಡಿದರೆ ಪ್ರೊಪೆಲರ್ ಅಲುಗಾಡದೆ ನಿಂತಿತ್ತು. ಆ ಆರು ಎಲೆಗಳ ಮೇಲೆ ಬಿಸಿಲು ಬಿದ್ದು ಹಾಗೇ ಇತ್ತು, ಹಿಂದಿನಿಂದ ಬಿಸಿ ಗಾಳಿ ನೀರಿನಂತೆ ಅಲೆಯಲೆಯಾಗಿ ಏಳುತ್ತಿತ್ತು. ಅರ್ಥವೇ ಆಗಲಿಲ್ಲ. ಮನೆಗೆ ಬಂದು ಸಿಮ್‌ನಲ್ಲಿ ಅದೇ ಮೋಡ್ ಹಾಕಿ ನೋಡಿದಾಗ ತಿಳಿಯಿತು. ನೆಲದ ಮೇಲೆ ಕಂಡದ್ದಕ್ಕೆ ಕಾರಣ ಕಾಕ್‌ಪಿಟ್‌ನಲ್ಲಿ ಸಿಕ್ಕಿತು. ಆಡ್-ಆನ್ ನಿಜದಂತೆ ಇದೆ ಅಂತ ನಾನು ಹೇಳೋದು ಇಂಥದ್ದಕ್ಕೆ.

ಎಂಬ್ರೇಯರ್ 145 ಬೇಕಾದವರಿಗೆ ಎಕ್ಸ್-ಪ್ಲೇನ್‌ನಲ್ಲಿ ಎಕ್ಸ್-ಕ್ರಾಫ್ಟ್ಸ್‌ನವರ ಇಆರ್‌ಜೆ ಕುಟುಂಬ ಇದೆ. ಅದರ ದೊಡ್ಡ ತಮ್ಮಂದಿರಾದ ಇ175, ಇ190 ಎರಡೂ ಸಿಮ್‌ಗಳಲ್ಲಿ ಸಿಗುತ್ತವೆ. ಸಿಮ್‌ನಲ್ಲಿ ಹುಡುಕಲು ಕಲಬುರಗಿ ನಿಲ್ದಾಣದ ಕೋಡ್ ವಿಒಜಿಬಿ, ಬೀದರಿನದು ವಿಒಬಿಆರ್. ರನ್‌ವೇ ಮೂರು ಕಿಲೋಮೀಟರ್‌ಗಿಂತ ಉದ್ದ ಇರುವುದರಿಂದ ಕಲಬುರಗಿಯಲ್ಲಿ ಎ320 ಕೂಡ ಆರಾಮಾಗಿ ಇಳಿಯುತ್ತದೆ.

ದೊಡ್ಡವು, ಹಳೆಯವು

ಪಿಎಂಡಿಜಿ 777-300ಇಆರ್ 2024ರ ಜೂನ್‌ನಲ್ಲಿ ಬಂತು. ವ್ಯವಸ್ಥೆಗಳು ಆಳವಾಗಿವೆ, ಪರದೆಯ ಮೇಲಿನ ಚೆಕ್‌ಲಿಸ್ಟ್ ನಿಜಕ್ಕೂ ಕೆಲಸ ಮಾಡುತ್ತದೆ. ಒಂದು ಸ್ವಿಚ್ ಸರಿ ಇಟ್ಟರೆ ಆ ಸಾಲು ತಾನೇ ಹಸಿರಾಗುತ್ತದೆ. ಆದರೆ ಹತ್ತು ಗಂಟೆ ಹಾರುವ ವಿಮಾನಕ್ಕೆ ಹತ್ತು ಗಂಟೆ ಕೊಡುವವರು ಬೇಕು. ರಾತ್ರಿ ಮಲಗುವ ಮುಂಚೆ ದೆಹಲಿಯಿಂದ ಎಬ್ಬಿಸಿ, ಬೆಳಿಗ್ಗೆ ಎದ್ದು ಲಂಡನ್‌ನಲ್ಲಿ ಇಳಿಸುವ ಅಭ್ಯಾಸ ಕೆಲವರಿಗಿದೆ. ಕರೆಂಟ್ ಗಟ್ಟಿಯಾಗಿರುವ ಊರಿನವರಿಗೆ ಅದು ಸರಿ. ಫ್ಲೈಬೈವೈರ್‌ನವರು 2024ರಲ್ಲಿ ಎ380 ಕೂಡ ಉಚಿತವಾಗಿ ಬಿಟ್ಟಿದ್ದಾರೆ. ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ, ಅಷ್ಟು ಕೆಲಸ ಇದೆ. ಆದರೆ ಅದಕ್ಕೆ ದೊಡ್ಡ ಕಂಪ್ಯೂಟರ್ ಬೇಕು.

ಹಳೆಯ ವಿಮಾನಗಳನ್ನು ಮರೆಯಬೇಡಿ. ಎಕ್ಸ್-ಪ್ಲೇನ್‌ನಲ್ಲಿ ಫೆಲಿಸ್‌ನವರ 747-200 ಇದೆ. ಏರ್ ಇಂಡಿಯಾ ಹಾರಿಸುತ್ತಿದ್ದ ಕಾಲದ ಜಂಬೋ ಅದು. ಕಾಕ್‌ಪಿಟ್‌ನಲ್ಲಿ ಮೂರನೆಯ ಕುರ್ಚಿ ಫ್ಲೈಟ್ ಎಂಜಿನಿಯರ್‌ದು, ಅವನ ಮುಂದೆ ಗೋಡೆ ತುಂಬ ಮುಳ್ಳುಗಳು. ದಾರಿ ತೋರಿಸುವ ಐಎನ್‌ಎಸ್ ಯಂತ್ರದಲ್ಲಿ ಒಮ್ಮೆಗೆ ಒಂಬತ್ತು ಬಿಂದು ಮಾತ್ರ ತುಂಬಬಹುದು. ಹಾರುತ್ತಾ ಹೋದಂತೆ ಹಿಂದಿನದನ್ನು ಅಳಿಸಿ ಮುಂದಿನದನ್ನು ಕೈಯಿಂದ ಒತ್ತಬೇಕು. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಇನಿಬಿಲ್ಡ್ಸ್ ಎ310 ಇದೆ, 2022ರ ನವೆಂಬರ್‌ನಲ್ಲಿ ಸಿಮ್‌ನ 40ನೇ ವರ್ಷದ ನೆನಪಿಗೆ ಉಚಿತವಾಗಿ ಕೊಟ್ಟದ್ದು. ಮುಳ್ಳಿನ ಕಾಲಕ್ಕೂ ಪರದೆಯ ಕಾಲಕ್ಕೂ ನಡುವಿನ ವಿಮಾನ. ಕಲಿಯಲು ಬಹಳ ಒಳ್ಳೆಯದು.

ಕಣ್ಣಿಗೆ ಕಾಣುವುದನ್ನು ಹೇಗೆ ನೋಡಬೇಕು

ನೋಟ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ಗಂಟೆಗಟ್ಟಲೆ ನೋಡುವ ಜಾಗ ಚಂದ ಇರಲೇಬೇಕು. ಆದರೆ ಏನನ್ನು ನೋಡಬೇಕು ಅಂತ ಗೊತ್ತಿರಬೇಕು.

ನಮ್ಮ ಸಾರಿಗೆ ಬಸ್ಸಿನ ಗೇರ್ ಲಿವರ್ ನೆನಪಿಸಿಕೊಳ್ಳಿ. ಡ್ರೈವರ್ ಕೈ ಎಲ್ಲಿ ಬೀಳುತ್ತದೋ ಅಲ್ಲಿ ಮಾತ್ರ ಬಣ್ಣ ಹೋಗಿ ಹೊಳೆಯುತ್ತದೆ. ಕೈ ಹೋಗದ ಕಡೆ ಧೂಳು ಇರುತ್ತದೆ. ವಿಮಾನದಲ್ಲೂ ಹಾಗೇ. ಫ್ಲ್ಯಾಪ್ ಹಿಡಿ, ಥ್ರಸ್ಟ್ ಲಿವರ್‌ನ ಅಂಚು, ಸೀಟಿನ ಪಕ್ಕದ ಕಾಲಿಡುವ ಜಾಗ ಸವೆದಿರಬೇಕು. ಎಮರ್ಜೆನ್ಸಿ ಸ್ವಿಚ್‌ನ ಮುಚ್ಚಳ ಹೊಸದಾಗೇ ಇರಬೇಕು. ಎಲ್ಲ ಕಡೆ ಒಂದೇ ಸಮ ಗೀರು ಹಾಕಿದ್ದರೆ ಯಾರೋ ಕಂಪ್ಯೂಟರ್‌ನಲ್ಲಿ ಒಂದೇ ಬ್ರಷ್ ಎಳೆದಿದ್ದಾರೆ ಅಂತ ಅರ್ಥ.

ಬೀದರಿನ ನನ್ನ ಸೋದರತ್ತೆ ಮನೆಯಲ್ಲಿ ಹಳೆಯ ಬಿದ್ರಿ ಹೂದಾನಿ ಇದೆ. ಕಪ್ಪು ಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿದ್ದು. ಬೆರಳು ಆಡಿಸಿದರೆ ಅದರ ಕೆಲಸ ಗೊತ್ತಾಗುತ್ತದೆ. ಪೇಟೆಯಲ್ಲಿ ಅದೇ ವಿನ್ಯಾಸ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಡಬ್ಬಿಯೂ ಸಿಗುತ್ತದೆ. ಕಾಕ್‌ಪಿಟ್‌ನಲ್ಲೂ ಈ ಎರಡು ಜಾತಿ ಇವೆ. ಕ್ಯಾಮೆರಾವನ್ನು ಪ್ಯಾನೆಲ್ ಹತ್ತಿರ ತಗೊಂಡು ಹೋಗಿ ಓರೆಯಾಗಿ ನೋಡಿ. ಗುಂಡಿಗೆ ದಪ್ಪ ಇದೆಯಾ, ಅಕ್ಷರ ಕೊರೆದದ್ದಾ, ಇಲ್ಲಾ ಚಪ್ಪಟೆ ಚಿತ್ರವಾ?

ರಾತ್ರಿ ದೀಪವನ್ನೂ ನೋಡಿ. ಒಳ್ಳೆಯ ಕಾಕ್‌ಪಿಟ್‌ನಲ್ಲಿ ಪ್ಯಾನೆಲ್ ಬೆಳಕು, ನಕ್ಷೆಯ ಬೆಳಕು, ಮೇಲಿನ ಗುಮ್ಮಟದ ಬೆಳಕು ಬೇರೆ ಬೇರೆ. ಒಂದೊಂದನ್ನೂ ಬೇರೆಯಾಗಿ ಕಡಿಮೆ ಮಾಡಬಹುದು. ಪರದೆಯ ಅಕ್ಷರಗಳ ಆಕಾರ ತಪ್ಪಿದ್ದರೆ ಅದು ಇಡೀ ಹಾರಾಟ ಕಣ್ಣಿಗೆ ಚುಚ್ಚುತ್ತದೆ. ನಾನು ಅದನ್ನು ಕ್ಷಮಿಸೋದಿಲ್ಲ.

ಬಿಸಿಲು, ಕರೆಂಟು, ಕಂಪ್ಯೂಟರ್

ಇದನ್ನು ಬೇರೆ ಊರಿನವರು ಬರೆಯೋದಿಲ್ಲ, ನಾವೇ ಬರೆದುಕೊಳ್ಳಬೇಕು. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಪತ್ರಾಸ್ ಹಾಕಿದ ಕೋಣೆಯಲ್ಲಿ ಸಿಮ್ ಹಾರಿಸಿದರೆ ಲ್ಯಾಪ್‌ಟಾಪ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಫ್ರೇಮ್ ಬಿದ್ದು ಚಿತ್ರ ತಡವರಿಸಿದಾಗ ಜನ ಆಡ್-ಆನ್ ಬೈಯುತ್ತಾರೆ. ಬೇಸಿಗೆಯಲ್ಲಿ ನನ್ನ ಅಂಗಡಿಗೆ ಬರುವ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಅರ್ಧಕ್ಕೆ ಬೇಕಿರುವುದು ಫ್ಯಾನಿನ ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ ಹಾಕೋದು, ಅಷ್ಟೇ. ಹೊಸ ಆಡ್-ಆನ್‌ಗೆ ಆರು ಸಾವಿರ ಹಾಕುವ ಮುಂಚೆ ಈ ಕೆಲಸ ಮಾಡಿಸಿ.

ಆಳವಾದ ವಿಮಾನ ಭಾರವಾದದ್ದು. ಫೀನಿಕ್ಸ್ ತನ್ನ ಲೆಕ್ಕವನ್ನು ಸಿಮ್‌ನ ಹೊರಗೆ ಬೇರೆ ಪ್ರೋಗ್ರಾಂ ಆಗಿ ನಡೆಸುತ್ತದೆ. ಪ್ರೊಸೆಸರ್ ಗಟ್ಟಿ ಇರಬೇಕು, ರ‍್ಯಾಮ್ 32 ಜಿಬಿ ಇದ್ದರೆ ನೆಮ್ಮದಿ. ಇದೇ ಕಾರಣಕ್ಕೆ ಅದು ಎಕ್ಸ್‌ಬಾಕ್ಸ್‌ನಲ್ಲಿ ಇಲ್ಲ. ಪಿಎಂಡಿಜಿ 737 ಎಕ್ಸ್‌ಬಾಕ್ಸ್‌ಗೂ ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ 6 ಜಿಬಿ ಇದ್ದವರು ಟೆಕ್ಸ್ಚರ್ ಮೀಡಿಯಂಗೆ ಇಳಿಸಿ. ಕಾಕ್‌ಪಿಟ್ ಅಕ್ಷರ ಸ್ವಲ್ಪ ಮಸುಕಾಗುತ್ತದೆ, ಆದರೆ ಇಳಿಯುವಾಗ ಚಿತ್ರ ಜರ್ಕ್ ಹೊಡೆಯೋದಿಲ್ಲ. ಇಳಿಯುವಾಗ ನನಗೆ ಬೇಕಿರುವುದು ಎರಡನೆಯದು.

ಈಗ ಟೋಲಿಸ್ ಮಾತು. ಕಳೆದ ವರ್ಷ ನಾನು ಒಂದು ರಾತ್ರಿ ಚೆನ್ನೈಯಿಂದ ಹೈದರಾಬಾದಿಗೆ ಬರುತ್ತಿದ್ದೆ. ಇಳಿಯಲು ಹದಿನೈದು ನಿಮಿಷ ಇರುವಾಗ ಕರೆಂಟ್ ಹೋಯಿತು, ಹಳೆಯ ಯುಪಿಎಸ್ ಎರಡು ನಿಮಿಷವೂ ತಡೆಯಲಿಲ್ಲ. ಎರಡು ಗಂಟೆಯ ಕೆಲಸ ಹೋಯಿತು. ಟೋಲಿಸ್ ವಿಮಾನಗಳು ಹಾರುತ್ತಿರುವಾಗಲೇ ಇಡೀ ಸ್ಥಿತಿಯನ್ನು ಆಗಾಗ ತಾವೇ ಉಳಿಸಿಕೊಳ್ಳುತ್ತವೆ. ಎತ್ತರ, ವೇಗ, ಇಂಧನ, ಮಾರ್ಗ, ಸ್ವಿಚ್ಚು ಎಲ್ಲ. ಕರೆಂಟ್ ಬಂದ ಮೇಲೆ ತೆರೆದರೆ ಬಿಟ್ಟಲ್ಲಿಂದಲೇ ಹಾರಬಹುದು. ನಮ್ಮಂಥ ಊರಿನಲ್ಲಿ ಇದು ಚಿಕ್ಕ ಸೌಲಭ್ಯ ಅಲ್ಲ. ಎಕ್ಸ್-ಪ್ಲೇನ್ ಇದ್ದು, ಕರೆಂಟ್ ಆಗಾಗ ಹೋಗುವ ಓಣಿಯಲ್ಲಿದ್ದರೆ ನಾನು ಕಣ್ಣು ಮುಚ್ಚಿ ಟೋಲಿಸ್ ಅನ್ನುತ್ತೇನೆ.

ಹಾರಾಟದ ಯೋಜನೆಗೆ ಸಿಮ್‌ಬ್ರೀಫ್ ಉಚಿತ, ಅದನ್ನು ಬಳಸಿ. ಮಾರ್ಗಗಳ ದತ್ತಾಂಶ 28 ದಿನಕ್ಕೊಮ್ಮೆ ಬದಲಾಗುತ್ತದೆ, ಹಲವು ಆಡ್-ಆನ್‌ಗಳಲ್ಲಿ ಹೊಸದು ಬೇಕಾದರೆ ಚಂದಾ ಕಟ್ಟಬೇಕು. ಮೊದಲ ವರ್ಷ ಅದರ ಅಗತ್ಯ ಇಲ್ಲ. ಆ ದುಡ್ಡಲ್ಲಿ ಒಂದು ಸಾಧಾರಣ ಜಾಯ್‌ಸ್ಟಿಕ್ ತಗೊಳ್ಳಿ. ಕೀಬೋರ್ಡಿನಲ್ಲಿ ಹಾರಿಸಿದರೆ ಎಷ್ಟು ದುಬಾರಿಯ ವಿಮಾನವೂ ನಿಜ ಅನಿಸೋದಿಲ್ಲ.

ಹುಡುಗನ ಲ್ಯಾಪ್‌ಟಾಪ್ 16 ಜಿಬಿಯದು, ಕಾರ್ಡ್ 6 ಜಿಬಿ. ಅವನಿಗೆ ನಾನು ಹೇಳಿದ್ದು ಇಷ್ಟು: ಒಂದು ತಿಂಗಳು ಫ್ಲೈಬೈವೈರ್ ಹಾರಿಸು. ಆಮೇಲೂ ಮನಸ್ಸು ಏರ್‌ಬಸ್‌ನಲ್ಲೇ ಇದ್ದರೆ, ರ‍್ಯಾಮ್ ಹೆಚ್ಚಿಸಿಕೊಂಡು ಫೀನಿಕ್ಸ್ ತಗೋ. ಕೈಯಲ್ಲಿ ಕೆಲಸ ಬೇಕು ಅನಿಸಿದರೆ 737. ಎರಡೂ ಅಲ್ಲದೆ ನಮ್ಮೂರಿನಿಂದ ಹಾರಬೇಕು ಅನಿಸಿದರೆ ಎಟಿಆರ್ ತಗೊಂಡು ಉಳಿದ ದುಡ್ಡಲ್ಲಿ ಜಾಯ್‌ಸ್ಟಿಕ್ ಕೊಳ್ಳು.

ಅವನು ಎಟಿಆರ್ ತಗೊಂಡ. ಮೊದಲ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. “ಅಣ್ಣಾ, ಕಲಬುರಗಿ ಸ್ಟ್ಯಾಂಡಿನಾಗ ಇದ್ದೀನಿ. ಎರಡೂ ಎಂಜಿನ್ ಓಡ್ಲಾಕತ್ತಾವ. ಪವರ್ ಕೊಟ್ರ ವಿಮಾನ ಬಲಕ್ಕ ಎಳ್ಯಾಕತ್ತದ, ಮುಂದ ಹೋಗವಲ್ದು.”

“ಬಲಗಡೆ ಪ್ರೊಪೆಲರ್ ನೋಡು ತಮ್ಮಾ,” ಅಂದೆ. “ಬ್ರೇಕ್ ಬಿಟ್ಟೀಯಾ?”